ಕ್ಯಾಮೆರಾ ಚಿಕ್ಕದು, ಲೆನ್ಸ್ ಯಾವುದು?

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರು ಮಿರರ್‌ಲೆಸ್ ಕ್ಯಾಮೆರಾ (ಒಳಗೆ ಕನ್ನಡಿಯಿಲ್ಲದ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಬಗ್ಗೆ ಕೇಳಿದ ಪ್ರಶ್ನೆಗಳು ಸಾಮಾನ್ಯವಾಗಿ ‘ಯಾವ ಬಾಡಿ ಕೊಳ್ಳಲಿ’ ಎಂಬಲ್ಲಿಂದ ಶುರುವಾಗುತ್ತವೆ. ಇಂದಿನ ಬಾಡಿಗಳ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ನಡುವೆ ಅಂತರ ಕಡಿಮೆ. ನೀವು ತೆಗೆಯುವ ವಸ್ತು ಅಲುಗುತ್ತದೆಯೇ, ಅಲ್ಲಿ ಬೆಳಕೆಷ್ಟು, ಎಷ್ಟು ದೂರದಿಂದ ತೆಗೆಯಬೇಕು ಎಂಬುದನ್ನು ಮೊದಲು ಹೇಳಿ. ಲೆನ್ಸ್ ತಾನಾಗಿ ಗೊತ್ತಾಗುತ್ತದೆ.

ಕ್ಯಾನನ್ ಆರ್50 ತಗೊಂಡೀನ್ರಿ. ಜೋಡಿಗೆ ಬಂದ 18-45 ಎಂಎಂ ಲೆನ್ಸ್ ಒಂದೇ ಐತಿ. ಬಾದಾಮಿ ಗುಹಿ ಒಳಗ ತಗದ ಫೋಟೊ ಎಲ್ಲಾ ಮಸುಕು ಬರ್ತಾವು. ಎಫ್/1.4 ಲೆನ್ಸ್ ತಗೋ ಅಂತಾರ. ತಗೊಳ್ಳಲೇನ್ರಿ? (ಗುಳೇದಗುಡ್ಡದ ಓದುಗರು)

ಮೂರ್ತಿಗಳಿಗಾಗಿ ಮಾತ್ರ ಆದರೆ ಬೇಡ. ಲೆಕ್ಕ ಹೀಗಿದೆ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ (ಅಪರ್ಚರ್) ದೊಡ್ಡದು; ಎಂಎಂ ಹೆಚ್ಚಾದಷ್ಟೂ ವಸ್ತು ಹತ್ತಿರ ಕಾಣುತ್ತದೆ. ಜೋಡಿಗೆ ಬಂದ ನಿಮ್ಮ ಕಿಟ್ ಲೆನ್ಸ್ 18 ಎಂಎಂನಲ್ಲಿ ಎಫ್/4.5ರವರೆಗೆ ತೆರೆಯುತ್ತದೆ. ಎಫ್/1.4 ಲೆನ್ಸ್ ಅದರ ಹತ್ತು ಪಟ್ಟು ಬೆಳಕು ಒಳಬಿಡುತ್ತದೆ. ಕಿಟ್ ಲೆನ್ಸಿಗೆ ಶಟರ್ 1/8 ಸೆಕೆಂಡ್ ತೆರೆದಿರಬೇಕಾದ ಕಡೆ ಅದಕ್ಕೆ 1/80 ಸಾಕು. ಕೇಳಲು ಭಾರಿ ಲಾಭ. ಆದರೆ ಆರ್50 ಬಾಡಿಯೊಳಗೆ ಅಲುಗಾಟ ತಡೆಯುವ ವ್ಯವಸ್ಥೆ (ಸ್ಟೆಬಿಲೈಸೇಷನ್) ಇಲ್ಲ. ನಿಮ್ಮ ಕಿಟ್ ಲೆನ್ಸಿನಲ್ಲಿದೆ, ಸಿಗ್ಮಾದ 16 ಅಥವಾ 30 ಎಂಎಂ ಎಫ್/1.4 ಲೆನ್ಸುಗಳಲ್ಲಿ ಇಲ್ಲ. ಕಿಟ್ ಲೆನ್ಸ್ 18 ಎಂಎಂನಲ್ಲಿದ್ದಾಗ ಕೈ ಪಳಗಿದವರಿಗೆ 1/8 ಸೆಕೆಂಡಿನಲ್ಲೂ ಕಲ್ಲು ಸ್ಪಷ್ಟವಾಗಿ ಬರುತ್ತದೆ. ಹೊಸ ಲೆನ್ಸ್ ಕೊಟ್ಟ ಲಾಭದ ಬಹುಪಾಲು ಇಲ್ಲೇ ವಜಾ ಆಯಿತು. ಮೇಲಾಗಿ 30 ಎಂಎಂ ಲೆನ್ಸನ್ನು ಎಫ್/1.4ಕ್ಕೆ ತೆರೆದು 2 ಮೀಟರ್ ದೂರದ ಮೂರ್ತಿಗೆ ಫೋಕಸ್ ಮಾಡಿದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು ಕಾಲು ಮೀಟರ್ ಮಾತ್ರ. ಮುಂದೆ ಚಾಚಿದ ಕೈ ಸ್ಪಷ್ಟ, ಹಿಂದಿನ ಕೆತ್ತನೆ ಮಸುಕು.

ಗುಹೆಯಲ್ಲಿ ಓಡಾಡುವ ಮಕ್ಕಳ ಫೋಟೊ ಬೇಕಿದ್ದರೆ ಮಾತೇ ಬೇರೆ. ಸ್ಟೆಬಿಲೈಸೇಷನ್ ನಿಮ್ಮ ಕೈಯ ನಡುಕವನ್ನಷ್ಟೇ ತಡೆಯುತ್ತದೆ, ಓಡುವ ಮಗುವನ್ನಲ್ಲ. ಅಂಥ ಕಡೆ ಎಫ್/1.4 ಲೆನ್ಸಿಗೆ ಕೊಟ್ಟ ದುಡ್ಡು ವ್ಯರ್ಥವಲ್ಲ.

ಈಗಿರುವ ಲೆನ್ಸಿನಲ್ಲೇ ಹೀಗೆ ಮಾಡಿ. ಝೂಮ್ 18ರಲ್ಲೇ ಇರಲಿ. 45ಕ್ಕೆ ಹೋದರೆ ಅಪರ್ಚರ್ ಎಫ್/6.3ಕ್ಕೆ ಇಳಿಯುತ್ತದೆ, ಬೆಳಕು ಅರ್ಧವಾಗುತ್ತದೆ. ದೊಡ್ಡದಾಗಿ ಬೇಕೆಂದರೆ ಎರಡು ಹೆಜ್ಜೆ ಮುಂದೆ ಹೋಗಿ. ಶಟರ್ ಪ್ರಯಾರಿಟಿಯಲ್ಲಿ (ಶಟರ್ ವೇಗವನ್ನು ನೀವೇ ಹೊಂದಿಸುವ ಮೋಡ್) 1/15 ಇಟ್ಟು ಆಟೊ ಐಎಸ್‌ಒ ಗರಿಷ್ಠ ಮಿತಿಯನ್ನು 6400 ಮಾಡಿ (ಐಎಸ್‌ಒ ಎಂದರೆ ಚಿತ್ರ ಹಿಡಿಯುವ ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಳತೆ). ಹಿಂಬದಿಯ ಪರದೆ ನೋಡುತ್ತ ಕೈ ಚಾಚಿ ಹಿಡಿಯಬೇಡಿ. ವ್ಯೂಫೈಂಡರ್ ಕಣ್ಣಿಗೆ ಒತ್ತಿ, ಎರಡೂ ಮೊಣಕೈ ಪಕ್ಕೆಲುಬಿಗೆ ಆನಿಸಿ, ಉಸಿರು ಬಿಡುತ್ತ ಒತ್ತಿ. ಒಂದೇ ಶಾಟ್ ಬೇಡ, ಐದಾರು ಸಾಲಾಗಿ ತೆಗೆಯಿರಿ. ಬೆರಳು ಒತ್ತುವಾಗ ಮೊದಲನೆಯದು, ಬಿಡುವಾಗ ಕೊನೆಯದು ಅಲುಗುತ್ತವೆ. ನಡುವಿನದರಲ್ಲಿ ಒಂದಾದರೂ ಸ್ಥಿರವಾಗಿ ಬರುತ್ತದೆ. ಚಾವಣಿಯ ಕೆತ್ತನೆಗೆ ಕ್ಯಾಮೆರಾವನ್ನು ಬ್ಯಾಗಿನ ಮೇಲೆ ಅಂಗಾತ ಇಟ್ಟು 2 ಸೆಕೆಂಡ್ ಟೈಮರ್ ಹಾಕಿದರೆ ಐಎಸ್‌ಒ 200 ಸಾಕು. ಇಲ್ಲಿ ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಪೂರ್ವಾನುಮತಿ ಬೇಕು. ಅದಿಲ್ಲದೆ ಹೊತ್ತುಕೊಂಡು ಹೋದರೆ ಮೆಟ್ಟಿಲು ಹತ್ತಿದ ಶ್ರಮವಷ್ಟೇ ಉಳಿಯುತ್ತದೆ.

ಗುಹೆಗಳು ಉತ್ತರಕ್ಕೆ ಮುಖ ಮಾಡಿರುವುದರಿಂದ ಒಳಗಿನದು ಬಹುಮಟ್ಟಿಗೆ ಪ್ರತಿಫಲಿಸಿ ಬಂದ ಮೃದು ಬೆಳಕು. ಹೊರಗೆ ಬಿಸಿಲು ಏರಿದಂತೆ ಒಳಗೂ ಏರುತ್ತದೆ, ಹಾಗಾಗಿ ನಸುಕಿಗೆ ಓಡಬೇಕಿಲ್ಲ. ಎರಡು ಕಂಬಗಳ ನಡುವೆ ಹೊರಗಿನ ಬೆಳ್ಳನೆಯ ಆಕಾಶ ಚೌಕಟ್ಟಿಗೆ ಬಂದರೆ ಕ್ಯಾಮೆರಾ ಮೂರ್ತಿಯನ್ನು ಕಪ್ಪಾಗಿಸುತ್ತದೆ. ಎಕ್ಸ್‌ಪೋಷರ್ (ಚಿತ್ರದ ಬೆಳಕಿನ ಮಟ್ಟ) +1 ಮಾಡಿ, ಇಲ್ಲವೇ ಆಕಾಶವನ್ನು ಚೌಕಟ್ಟಿನಿಂದ ಹೊರಗಿಡಿ. ಕಪ್ಪಾಗಿ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಬೆಳಗಿಸುವುದಕ್ಕಿಂತ ಐಎಸ್‌ಒ ಏರಿಸಿ ಸರಿಯಾಗಿ ತೆಗೆದ ಚಿತ್ರವೇ ಸ್ವಚ್ಛ. ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣ ಸರಿಪಡಿಸುವ ವೈಟ್ ಬ್ಯಾಲೆನ್ಸ್ ಆಟೊ ಬೇಡ. ಇಡೀ ಚೌಕಟ್ಟು ಕೆಂಪು ಮರಳುಗಲ್ಲಾಗಿದ್ದಾಗ ಆಟೊ ಆ ಕೆಂಪನ್ನೇ ದೋಷವೆಂದು ತಿಳಿದು ಬೂದು ಮಾಡಿಬಿಡುತ್ತದೆ; ಡೇಲೈಟ್ ಇಡಿ. ಒಂದನೇ ಗುಹೆಯ ಹೊರಗೋಡೆಯ ಹದಿನೆಂಟು ಕೈಗಳ ನಟರಾಜನಿಗೆ ಇಷ್ಟೆಲ್ಲ ಸಾಹಸ ಬೇಕಿಲ್ಲ, ಅಲ್ಲಿ ಬೆಳಕು ಧಾರಾಳ. ಫ್ಲ್ಯಾಶ್ ಎಲ್ಲೂ ಬೇಡ. ಎದುರಿನಿಂದ ಬಿದ್ದ ಬೆಳಕಿಗೆ ನೆರಳು ಅಳಿದು ಉಬ್ಬುಶಿಲ್ಪ ಸಪಾಟಾಗುತ್ತದೆ.

ಗೋಳಗುಮ್ಮಟ ಪೂರ್ತಿ ಹಿಡಿಸುವುದಿಲ್ಲ. ಹಿಡಿಸಿದರೆ ಹಿಂದಕ್ಕೆ ವಾಲಿದಂತೆ ಕಾಣುತ್ತದೆ. ವೈಡ್ ಲೆನ್ಸ್ ಬೇಕೇ? (ವಿಜಯಪುರ)

ಹೊರಗಿನ ನೋಟಕ್ಕೆ ಬೇಡ. ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿದ್ದೇ ವಾಲಲು ಕಾರಣ. ಮೆನುವಿನಲ್ಲಿ ಎಲೆಕ್ಟ್ರಾನಿಕ್ ಲೆವೆಲ್ ಆನ್ ಮಾಡಿ, ಕ್ಯಾಮೆರಾ ನೇರ ಹಿಡಿದು, ಕಟ್ಟಡ ಪೂರ್ತಿ ಬರುವವರೆಗೆ ಹಿಂದೆ ಸರಿಯಿರಿ. ಚಿಕ್ಕ ಸೆನ್ಸರಿನ, ಆರ್50ನಂಥ ಎಪಿಎಸ್-ಸಿ ಕ್ಯಾಮೆರಾವನ್ನು ಉದ್ದುದ್ದ ಹಿಡಿದು 18 ಎಂಎಂ ಇಟ್ಟರೆ, ಸುಮಾರು 50 ಮೀಟರ್ ಎತ್ತರದ ಕಟ್ಟಡಕ್ಕೆ 80 ಮೀಟರ್ ದೂರ ಸಾಕು. ಅಡ್ಡ ಹಿಡಿದರೆ 120 ಬೇಕು. ಕೆಳಗೆ ಬರುವ ಹುಲ್ಲುಹಾಸನ್ನು ಆಮೇಲೆ ಕತ್ತರಿಸಿ. ಒಳಗೆ ನಿಂತು ಗುಮ್ಮಟವನ್ನೇ ತೆಗೆಯುವುದಾದರೆ ಮಾತ್ರ 10-18 ಎಂಎಂನಂಥ ಲೆನ್ಸಿಗೆ ಅರ್ಥವಿದೆ.

ನನ್ನ ಬಳಿ ಕನ್ನಡಿ ಇರುವ ಹಳೆಯ ನಿಕಾನ್ ಡಿಎಸ್‌ಎಲ್‌ಆರ್, 18-140 ಎಂಎಂ ಮತ್ತು 50 ಎಂಎಂ ಎಫ್/1.8 ಡಿ ಲೆನ್ಸ್, ಒಂದು ಫ್ಲ್ಯಾಶ್ ಇವೆ. ಮದುವೆ ಕೆಲಸಕ್ಕೆ ನಿಕಾನ್ ಜೆಡ್50 ಎರಡನೇ ಆವೃತ್ತಿ ಕೊಳ್ಳಬೇಕೆಂದಿದ್ದೇನೆ. ಗೆಳೆಯನ ಮಿರರ್‌ಲೆಸ್‌ನಲ್ಲಿ ಹಾಲ್ ಫೋಟೊಗಳಿಗೆ ಪಟ್ಟೆ ಪಟ್ಟೆ ಬಂದಿದೆ. ಕ್ಯಾಮೆರಾ ಕೆಟ್ಟಿದೆಯೇ? (ಗೋಕಾಕ)

ಕೆಟ್ಟಿಲ್ಲ. ಸದ್ದಿಲ್ಲದೆ ತೆಗೆಯುವ ಸೈಲೆಂಟ್ ಶಟರ್ ಆನ್ ಇದ್ದಿರಬೇಕು. ಆಗ ಸೆನ್ಸರ್ ಇಡೀ ಚಿತ್ರವನ್ನು ಒಮ್ಮೆಗೇ ಹಿಡಿಯುವುದಿಲ್ಲ, ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಓದುತ್ತದೆ. ನಮ್ಮ ಕರೆಂಟು 50 ಹರ್ಟ್ಸ್; ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ದೀಪ ಮಂಕಾದಾಗ ಓದಿದ ಸಾಲು ಕಪ್ಪು, ಬೆಳಗಿದಾಗ ಓದಿದ್ದು ಬಿಳಿ. ಮದುವೆ ಹಾಲಿನಲ್ಲಿ ಮೆಕ್ಯಾನಿಕಲ್ ಶಟರ್ ಬಳಸಿ, ವೇಗ 1/100 ಅಥವಾ 1/50 ಇಡಿ, ಮಿಣುಕು ತಗ್ಗಿಸುವ ಫ್ಲಿಕರ್ ರಿಡಕ್ಷನ್ ಆನ್ ಮಾಡಿ. ವೇದಿಕೆಯ ಹಿಂದಿನ ಎಲ್‌ಇಡಿ ಪರದೆಗಳ ಮಿಣುಕು ಬೇರೆಯದೇ ಲೆಕ್ಕದ್ದು, ಅದಕ್ಕಾಗಿ ಕಾರ್ಯಕ್ರಮಕ್ಕೆ ಮುಂಚೆ ನಾಲ್ಕಾರು ಟೆಸ್ಟ್ ಶಾಟ್ ತೆಗೆದು ದೊಡ್ಡದು ಮಾಡಿ ನೋಡಿ. ಅಕ್ಕಿಕಾಳು ಬೀಳುವ ಹೊತ್ತಿಗೆ 1/100 ಸಾಲದು ಎನಿಸಿದರೆ ಫ್ಲ್ಯಾಶ್ ಹಾಕಿ. ಅದರ ಕ್ಷಣದ ಬೆಳಕೇ ಕಾಳುಗಳನ್ನು ಗಾಳಿಯಲ್ಲಿ ನಿಲ್ಲಿಸುತ್ತದೆ.

ಹಳೆಯ ಲೆನ್ಸುಗಳನ್ನು ಹೊಸ ಬಾಡಿಗೆ ಜೋಡಿಸಲು ನಿಕಾನಿನ ಎಫ್‌ಟಿಜೆಡ್ ಅಡಾಪ್ಟರ್ ಬೇಕು. 18-140 ಅದರಲ್ಲಿ ಆಟೊ ಫೋಕಸ್ ಸಮೇತ ಕೆಲಸ ಮಾಡುತ್ತದೆ. 50 ಎಂಎಂ ‘ಡಿ’ ಲೆನ್ಸ್ ಮಾಡುವುದಿಲ್ಲ: ಅದರೊಳಗೆ ಮೋಟರ್ ಇಲ್ಲ, ಹಳೆಯ ಬಾಡಿಯ ಸ್ಕ್ರೂ ಅದನ್ನು ತಿರುಗಿಸುತ್ತಿತ್ತು, ಅಡಾಪ್ಟರಿನಲ್ಲಿ ಆ ಸ್ಕ್ರೂ ಇಲ್ಲ. ಕೈಯಿಂದ ಫೋಕಸ್ ಮಾಡುತ್ತ ಮದುವೆ ತೆಗೆಯುವುದು ಆಗದ ಕೆಲಸ. ಅದನ್ನು ಮಾರಿ 40 ಎಂಎಂ ಎಫ್/2 ಅಥವಾ 24 ಎಂಎಂ ಎಫ್/1.7 ಜೆಡ್ ಲೆನ್ಸ್ ಕೊಳ್ಳಿ. ಕುಟುಂಬದ ಗುಂಪು ಫೋಟೊಗೆ 24 ಹೆಚ್ಚು ಉಪಯೋಗ.

ಒಂದು ಎಚ್ಚರಿಕೆ. ಈ ಬಾಡಿಗೆ ಕಾರ್ಡ್ ಸ್ಲಾಟ್ ಒಂದೇ. ತಾಳಿ ಕಟ್ಟುವ ಕ್ಷಣ ಎರಡನೇ ಸಲ ಬರುವುದಿಲ್ಲ, ಆದ್ದರಿಂದ 256 ಜಿಬಿಯ ಒಂದೇ ಕಾರ್ಡ್ ಬದಲು 64 ಜಿಬಿಯ ನಾಲ್ಕು ಇಟ್ಟುಕೊಂಡು ಪ್ರತಿ ಶಾಸ್ತ್ರಕ್ಕೂ ಬದಲಿಸಿ. ಹಳೆಯ ಡಿಎಸ್‌ಎಲ್‌ಆರ್ ಮಾರಬೇಡಿ, ಕೊರಳಲ್ಲಿರಲಿ. ಬ್ಯಾಟರಿ ಮೂರಾದರೂ ಬೇಕು. ಪರದೆ ಸದಾ ಉರಿಯುವ ಮಿರರ್‌ಲೆಸ್ ಡಿಎಸ್‌ಎಲ್‌ಆರ್‌ನಷ್ಟು ಬಾಳುವುದಿಲ್ಲ. (ಇದೇ ಪ್ರಶ್ನೆಯನ್ನು ಕ್ಯಾನನ್ ಆರ್50ಗೆ ಕೇಳುವವರಿಗೆ: ಅದರ ಮೇಲೆ ಫ್ಲ್ಯಾಶ್ ಕೂರಿಸುವ ಶೂನಲ್ಲಿ ಹಳೆಯ ಸಂಪರ್ಕ ಬಿಂದುಗಳಿಲ್ಲ, ಸಾಮಾನ್ಯ ಫ್ಲ್ಯಾಶ್ ಹಾಕಲು ಎಡಿ-ಇ1 ಅಡಾಪ್ಟರ್ ಬೇಕು.)

ಇಳಕಲ್ ಸೀರೆಗಳ ಫೋಟೊ ಹಾಕಿ ಆನ್‌ಲೈನ್‌ನಲ್ಲಿ ಮಾರುತ್ತೇವೆ. ಬಣ್ಣ ಬೇರೆ ಬಂದಿದೆ ಎಂದು ಗಿರಾಕಿಗಳು ವಾಪಸ್ ಕಳಿಸುತ್ತಾರೆ. ಯಾವ ಕ್ಯಾಮೆರಾ ಒಳ್ಳೆಯದು? (ಇಳಕಲ್)

ಇರುವ ಕ್ಯಾಮೆರಾ ಸಾಕು, ದೀಪ ಆರಿಸಿ. ಕಿಟಕಿಯ ಬೆಳಕು ಮತ್ತು ಅಂಗಡಿಯ ಎಲ್‌ಇಡಿ ಎರಡೂ ಬಿದ್ದರೆ ಯಾವ ಸೆಟ್ಟಿಂಗೂ ಬಣ್ಣ ಸರಿಪಡಿಸಲಾರದು. ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ ಸೀರೆ ಹರವಿ. ಅದರ ಮೇಲೆ ಬೂದು ಕಾರ್ಡ್ (ಬಣ್ಣ ಹೊಂದಿಸಲೆಂದೇ ಸಿಗುವ ಬೂದು ಹಾಳೆ) ಇಟ್ಟು ಕಸ್ಟಮ್ ವೈಟ್ ಬ್ಯಾಲೆನ್ಸ್ ಹೊಂದಿಸಿ, ಆಮೇಲೆ ತೆಗೆಯಿರಿ. ಪಿಕ್ಚರ್ ಸ್ಟೈಲ್ ‘ನ್ಯೂಟ್ರಲ್’ ಇರಲಿ. ‘ವಿವಿಡ್’ನಲ್ಲಿ ಸೆರಗಿನ ಕೆಂಪು ಉರಿದು ಎಳೆಗಳೇ ಕಾಣದಂತಾಗುತ್ತವೆ. ಕಲರ್ ಸ್ಪೇಸ್ ಎಸ್‌ಆರ್‌ಜಿಬಿ ಇಡಿ, ಅಡೋಬಿ ಆರ್‌ಜಿಬಿ ಚಿತ್ರ ಕೆಲವು ಪರದೆಗಳಲ್ಲಿ ಮಂಕಾಗುತ್ತದೆ. ಸಣ್ಣ ಚೌಕಡಿಯ ಮೇಲೆ ಇಲ್ಲದ ಅಲೆಗಳು ಮೂಡಿದರೆ, ನೇಯ್ಗೆಯ ಎಳೆಗಳೂ ಸೆನ್ಸರಿನ ಬಿಂದುಗಳೂ ಒಂದಕ್ಕೊಂದು ತಾಕಲಾಡುತ್ತಿವೆ ಎಂದರ್ಥ. ಅರ್ಧ ಅಡಿ ಹಿಂದೆ ಸರಿಯಿರಿ ಅಥವಾ ಕ್ಯಾಮೆರಾ ತುಸು ಓರೆ ಮಾಡಿ, ಹೋಗುತ್ತದೆ. ಅಪರ್ಚರ್ ಎಫ್/8.

ಆಲಮಟ್ಟಿ ಹಿನ್ನೀರಿನ ರಾಜಹಂಸಗಳು ಸೋನಿ ಎ6400, 55-210 ಲೆನ್ಸಿನಲ್ಲಿ ಚುಕ್ಕೆಯಂತೆ ಬರುತ್ತವೆ. (ಬಾಗಲಕೋಟೆ)

ಸೋನಿಯ 70-350 ಎಂಎಂ ನಿಮ್ಮ ಬಾಡಿಗೆ ಒಪ್ಪುವ ಲೆನ್ಸ್, ತೂಕ 625 ಗ್ರಾಂ. ಹಕ್ಕಿ ಉದ್ದಳತೆಯಲ್ಲಿ ಸುಮಾರು 1.7 ಪಟ್ಟು ದೊಡ್ಡದಾಗುತ್ತದೆ. ಆದರೆ ಬಿಸಿಲೇರಿದ ಮೇಲೆ ನೀರು, ಕೆಸರಿನ ಮೇಲೆ ನಡುಗುವ ಗಾಳಿಯನ್ನು ಯಾವ ಲೆನ್ಸೂ ಭೇದಿಸದು. ದೂರದ ಹಕ್ಕಿ ಮಸುಕಾಗಿ ಬಂದರೆ ಫೋಕಸ್ಸನ್ನು ದೂರಬೇಡಿ, ಗಡಿಯಾರ ನೋಡಿ. ಸೂರ್ಯ ಹುಟ್ಟಿದ ಮೊದಲ ಎರಡು ಗಂಟೆಯಲ್ಲಿ ಕೆಲಸ ಮುಗಿಸಿ. ನಿಂತ ಹಕ್ಕಿಗೆ 1/500, ಹಾರುವುದಕ್ಕೆ 1/2000. ಕಪ್ಪು ಕೆಸರಿನ ಮುಂದೆ ಬಿಳಿ ಹಕ್ಕಿ ಇದ್ದರೆ ಎಕ್ಸ್‌ಪೋಷರ್ −0.7 ಮಾಡಿ. ಎ6400 ಕಾರ್ಡ್ ಸ್ಲಾಟಿನ ವೇಗದ ದರ್ಜೆ ಯುಎಚ್‌ಎಸ್-1 ಮಾತ್ರ, ದುಬಾರಿ ಯುಎಚ್‌ಎಸ್-2 ಕಾರ್ಡಿನಿಂದ ಅದರಲ್ಲಿ ವೇಗ ಹೆಚ್ಚುವುದಿಲ್ಲ.

ಎಲ್ಲ ಫೋಟೊಗಳ ಆಕಾಶದಲ್ಲೂ ಒಂದೇ ಜಾಗದಲ್ಲಿ ಕಪ್ಪು ಚುಕ್ಕೆ. ಲೆನ್ಸ್ ಒರೆಸಿದರೂ ಹೋಗಲಿಲ್ಲ. (ಸಿಂದಗಿ)

ಧೂಳು ಲೆನ್ಸಿನ ಮೇಲಿಲ್ಲ, ಸೆನ್ಸರಿನ ಮೇಲಿದೆ. ಲೆನ್ಸ್ ಬಿಚ್ಚಿದಾಗ ಅನೇಕ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಸೆನ್ಸರ್ ಬಾಯಿಗೇ ತೆರೆದಿರುತ್ತದೆ. ಎಫ್/16 ಇಟ್ಟು ಬರಿ ಆಕಾಶ ತೆಗೆದರೆ ಎಷ್ಟು ಕಣಗಳಿವೆ ಎಂದು ಗೊತ್ತಾಗುತ್ತದೆ. ಎಫ್/4ರಲ್ಲಿ ಅವು ಕಾಣುವುದಿಲ್ಲ.

ಮೊದಲು ಮೆನುವಿನ ಸೆನ್ಸರ್ ಕ್ಲೀನಿಂಗ್ ಎರಡು ಮೂರು ಸಲ ನಡೆಸಿ. ಹೋಗದಿದ್ದರೆ ಫ್ಯಾನ್ ಆರಿಸಿ, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ, ರಬ್ಬರ್ ಬ್ಲೋವರಿನಿಂದ ಹತ್ತು ಸಲ ಊದಿ. ಬಾಯಿಂದ ಊದಿದರೆ ಉಗುಳು ಹಾರುತ್ತದೆ. ಡಬ್ಬಿಯ ಗಾಳಿಯಲ್ಲಿರುವ ದ್ರವ ಸೆನ್ಸರ್ ಮೇಲೆ ಹೆಪ್ಪುಗಟ್ಟಬಹುದು. ಚುಕ್ಕೆ ಇನ್ನೂ ಉಳಿದರೆ ಸೆನ್ಸರ್ ಒರೆಸುವ ಕಡ್ಡಿ, ಅಂದರೆ ಸ್ವ್ಯಾಬ್: ಎಪಿಎಸ್-ಸಿಗೆ 16 ಎಂಎಂ ಅಗಲದ್ದು, ದೊಡ್ಡ ಸೆನ್ಸರಿನ ಫುಲ್ ಫ್ರೇಮಿಗೆ 24. ಸೆನ್ಸರ್ ಒರೆಸುವ ದ್ರವ ಎರಡು ಹನಿ ಹಾಕಿ, ಒಂದು ಅಂಚಿನಿಂದ ಇನ್ನೊಂದಕ್ಕೆ ಒಂದೇ ಎಳೆತ, ತಿರುಗಿಸಿ ಮರಳಿ ಒಂದೇ ಎಳೆತ, ಆ ಸ್ವ್ಯಾಬ್ ಬಿಸಾಡಿ. ಬ್ಲೋವರ್ ಹೊಡೆಯದೆ ನೇರ ಸ್ವ್ಯಾಬ್ ಹಾಕಿದರೆ ಮರಳಿನ ಕಣ ಗೀರು ಎಳೆಯುತ್ತದೆ. ಚುಕ್ಕೆ ಎಲ್ಲಿದೆ ಎಂದು ಹುಡುಕುವಾಗ ನೆನಪಿಡಿ: ಫೋಟೊದ ಮೇಲಿನ ಎಡಮೂಲೆಯ ಚುಕ್ಕೆ, ಎದುರಿನಿಂದ ನೋಡಿದಾಗ ಸೆನ್ಸರಿನ ಕೆಳಗಿನ ಎಡಮೂಲೆಯಲ್ಲಿರುತ್ತದೆ. ಇನ್ನು ಮುಂದೆ ಎರೆಹೊಲದ ಗಾಳಿಯಲ್ಲಿ ಲೆನ್ಸ್ ಬದಲಿಸುವುದಿದ್ದರೆ ಕ್ಯಾಮೆರಾ ಆಫ್ ಮಾಡಿ, ಗಾಳಿಗೆ ಬೆನ್ನು ಕೊಟ್ಟು, ಬಾಯಿ ಕೆಳಗೆ ಮಾಡಿ ಬದಲಿಸಿ.

ಮಳೆಗಾಲ ಮುಗಿಯುವಷ್ಟರಲ್ಲಿ ಲೆನ್ಸಿನೊಳಗೆ ಜೇಡರ ಬಲೆಯಂಥ ಎಳೆಗಳು ಕಾಣಿಸಿವೆ. (ಖಾನಾಪುರ)

ಅದು ಫಂಗಸ್. ಒಳಗಿರುವುದರಿಂದ ನೀವು ಒರೆಸಲಾಗದು. ಕೂಡಲೇ ಬಿಚ್ಚಿ ಸ್ವಚ್ಛ ಮಾಡಿಸಿ, ತಡವಾದರೆ ಗಾಜಿನ ಲೇಪನವನ್ನೇ ತಿನ್ನುತ್ತದೆ. ಅಲ್ಲಿಯವರೆಗೆ ಬೇರೆ ಲೆನ್ಸುಗಳ ಜೊತೆ ಇಡಬೇಡಿ. ಚರ್ಮದ ಕೇಸ್, ಕ್ಯಾಮೆರಾ ಬ್ಯಾಗು ಎರಡೂ ತೇವ ಹಿಡಿದಿಡುತ್ತವೆ, ಮಳೆಗಾಲದಲ್ಲಿ ಅವುಗಳಲ್ಲಿ ಇಡುವುದೇ ತಪ್ಪು. ಡ್ರೈ ಕ್ಯಾಬಿನೆಟ್ ದುಬಾರಿಯಾದರೆ ಗಾಳಿಯಾಡದ 10 ಲೀಟರ್ ಪ್ಲಾಸ್ಟಿಕ್ ಡಬ್ಬಿ, 200 ಗ್ರಾಂ ಕಿತ್ತಳೆ ಬಣ್ಣದ ಸಿಲಿಕಾ ಜೆಲ್, ಒಂದು ಚಿಕ್ಕ ತೇವಾಂಶ ಮೀಟರ್ ತನ್ನಿ. ಮೀಟರ್ ಶೇ 40ರಿಂದ 50 ತೋರಿಸಲಿ. 60 ದಾಟಿದರೆ ಜೆಲ್ ದಣಿದಿದೆ. ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಮೊದಲ ಬಣ್ಣ ಬರುವವರೆಗೆ ಕಾಯಿಸಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಅಕ್ಕಿ ಬೇಡ, ಅದರ ಹಿಟ್ಟು ಝೂಮ್ ರಿಂಗಿನೊಳಗೆ ಸೇರುತ್ತದೆ. ನುಸಿಗುಳಿಗೆಯೂ ಬೇಡ, ಅದರ ಆವಿ ಗಾಜಿನ ಮೇಲೆ ಕೂರುತ್ತದೆ.