ಅರಿಜೋನಾದ ಕೊಚೀಸ್ ಡೋಮ್ ಎಂಬ ಬಂಡೆಯ ಮೇಲಿನ 'ವಾಟ್ಸ್ ಮೈ ಲೈನ್' ಎಂಬ ಹತ್ತುವ ಮಾರ್ಗ ಬರೀ 5.6 ದರ್ಜೆ (ಅಮೆರಿಕದ ಅಳತೆಯಲ್ಲಿ ಸುಲಭದ ಕಡೆಯದು). ಹೊಸಬರು ಹತ್ತಬಹುದೇ?

ಅನುಭವಿ ಲೀಡರ್, ಅಂದರೆ ಹಗ್ಗದ ತುದಿ ಕಟ್ಟಿಕೊಂಡು ಮೊದಲು ಹತ್ತುವವರು, ಮುಂದಿದ್ದರೆ ಹತ್ತಬಹುದು. ದರ್ಜೆ ನೋಡಿ ನೀವೇ ಲೀಡ್ ಮಾಡಲು ಹೊರಡುವುದು ಬೇಡ.

ಇದರ ಪೂರ್ತಿ ದರ್ಜೆ 5.6 ಎ0. ಆ 'ಎ0', ಅಂದರೆ ಬರೀ ಕಲ್ಲನ್ನಲ್ಲದೆ ಸಲಕರಣೆಯನ್ನೂ ಆಧರಿಸುವ ಜಾಗ, ಇರುವುದು ಆರಂಭದಲ್ಲೇ: ಹಗ್ಗಕ್ಕೆ ಭಾರ ಬಿಟ್ಟು, ಪಕ್ಕಕ್ಕೆ ತೂಗಿಕೊಂಡು ಮುಖ್ಯ ಗೋಡೆಗೆ ದಾಟಬೇಕು. ದಾಟಿದ ಮೇಲೆ ಆನಂದವೋ ಆನಂದ. ಕಡಿದಾದ ಗ್ರಾನೈಟ್ ಗೋಡೆಯ ತುಂಬ ಚಿಕನ್‌ಹೆಡ್ ಎನ್ನುವ ಗುಬುಟುಗಳು. ಸುತ್ತಲಿನ ಕಲ್ಲು ಸವೆದು, ಗಟ್ಟಿ ಭಾಗ ಮಾತ್ರ ಹೊರಚಾಚಿ ಉಳಿದದ್ದು. ಕೈ ತುಂಬ ಹಿಡಿಯಲು ಸಿಗುತ್ತವೆ. ಹಾಗಾಗಿಯೇ ಇಷ್ಟು ಕಡಿದಾಗಿದ್ದೂ ದರ್ಜೆ ಕಡಿಮೆ.

ಕಷ್ಟ ಇರುವುದು ರಕ್ಷಣೆಯಲ್ಲಿ, ಅಂದರೆ ಬಿದ್ದರೆ ತಡೆಯಲು ಹಗ್ಗವನ್ನು ಅಲ್ಲಲ್ಲಿ ಬಂಡೆಗೆ ಸಿಕ್ಕಿಸುವುದರಲ್ಲಿ. ಇಲ್ಲಿ ಹೆಚ್ಚಾಗಿ ಗುಬುಟಿನ ಕುತ್ತಿಗೆಗೇ ಸ್ಲಿಂಗ್ (ಗಟ್ಟಿ ಪಟ್ಟಿಯ ಕುಣಿಕೆ) ಬಿಗಿಯಬೇಕು. ಸುಮ್ಮನೆ ನೇತುಹಾಕಿದರೆ ನೀವು ಮೇಲೇರುವಾಗ ಹಗ್ಗ ಎಳೆದು ಸ್ಲಿಂಗ್ ಕಳಚಿ ಬೀಳುತ್ತದೆ. ಜಾರುಗಂಟು ಹಾಕಿ, ಎಳೆದು ಕೂರಿಸಿ, ಉದ್ದ ಬಿಡಿ. ಗುಬುಟನ್ನು ಮೊದಲು ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ನಂಬಬೇಡಿ. ಈ ಅಭ್ಯಾಸ ನೆಲದ ಹತ್ತಿರವೇ ಆಗಬೇಕು.

ಅಪಾಚೆ ನಾಯಕ ಕೊಚೀಸ್ ತನ್ನವರೊಂದಿಗೆ ನೆಲೆ ನಿಂತ ಕಣಿವೆ ಇದು. 1874ರಲ್ಲಿ ತೀರಿಕೊಂಡ ಆತನ ಸಮಾಧಿ ಇಲ್ಲೇ ಎಲ್ಲೋ ಇದೆ, ಜಾಗವನ್ನು ಅವರು ಗುಟ್ಟಾಗಿಯೇ ಇಟ್ಟರು. ಗೌರವದಿಂದ ನಡೆದುಕೊಳ್ಳಿ.

ಬೇಸಿಗೆ ಬಿಸಿಲಲ್ಲಿ ಬೇಡ. ಶರತ್ಕಾಲ, ವಸಂತ ಒಳ್ಳೆಯದು. ವಸಂತದಲ್ಲಿ ಡೇಗೆ ಹಕ್ಕಿಗಳು ಗೂಡು ಕಟ್ಟುವುದರಿಂದ ಸುತ್ತಲಿನ ಕೆಲವು ಬಂಡೆಗಳನ್ನು ಮುಚ್ಚುತ್ತಾರೆ. ಹೊರಡುವ ಮೊದಲು ಕೊರೊನಾಡೊ ರಾಷ್ಟ್ರೀಯ ಅರಣ್ಯದ ಕಚೇರಿಯಲ್ಲಿ ವಿಚಾರಿಸಿ.