ನಡುಮನೆಯ ಕತ್ತಲೆಗೆ ಎಷ್ಟು ಗಾಜಿನ ಹೆಂಚು ಬೇಕು?

ಪ್ರಶ್ನೆ: ನಮ್ಮದು ಶಿರಸಿ ಕಡೆಯ ಹಳೇ ಹೆಂಚಿನ ಮನೆ. ಸುತ್ತ ಕೋಣೆಗಳು, ಮಧ್ಯೆ 10 ಅಡಿ 12 ಅಡಿಯ ನಡುಮನೆ. ಹಗಲಲ್ಲೂ ಲೈಟ್ ಹಾಕದೆ ಅಮ್ಮನಿಗೆ ಅಕ್ಕಿ ಆರಿಸಲು ಆಗುವುದಿಲ್ಲ. 4 ಅಡಿ ಉದ್ದ, 3 ಅಡಿ ಅಗಲದ ಗಾಜಿನ ಸ್ಕೈಲೈಟ್ (ಛಾವಣಿಯಲ್ಲಿ ಬೆಳಕಿನ ಕಿಂಡಿ) ಹಾಕಿಸೋಣ ಅಂತಿದ್ದೇವೆ. ಮೇಸ್ತ್ರಿ ಸೋರುತ್ತದೆ, ಬೇಡ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೇಸ್ತ್ರಿ ಹೆದರುವುದರಲ್ಲಿ ಅರ್ಥವಿದೆ. ಆದರೆ ಅಮ್ಮ ಕತ್ತಲಲ್ಲಿ ಕೂರಬೇಕಾಗಿಲ್ಲ. ನಿಮಗೆ ಅಷ್ಟು ದೊಡ್ಡ ಕಿಂಡಿಯೇ ಬೇಡ.

ಲೆಕ್ಕ ನೋಡಿ. ನಿಮ್ಮ ಅಳತೆಯ ಗಾಜು ಒಂದು ಚದರ ಮೀಟರಿಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ. ಬೇಸಿಗೆಯ ನಡು ಮಧ್ಯಾಹ್ನ ಒಂದು ಚದರ ಮೀಟರಿನ ಮೇಲೆ ಬೀಳುವ ಬಿಸಿಲು ಹತ್ತಿರ ಹತ್ತಿರ 1000 ವಾಟ್. ಸಾದಾ ಗಾಜು ಅದರಲ್ಲಿ ಬಹುಪಾಲನ್ನು ಒಳಗೆ ಬಿಟ್ಟುಬಿಡುತ್ತದೆ. ಅಂದರೆ ಮೇ ತಿಂಗಳಲ್ಲಿ ನಡುಮನೆಯೊಳಗೆ ಒಂದು ಹೀಟರ್ ಉರಿಸಿಟ್ಟ ಹಾಗೆ. ಬೆಳಕು ಬಂತು ಅಂತ ಖುಷಿಪಟ್ಟು, ಆಮೇಲೆ ಅದಕ್ಕೇ ಗೋಣಿಚೀಲ ಮುಚ್ಚಿದ ಮನೆಗಳನ್ನು ನಾನು ನೋಡಿದ್ದೇನೆ.

ನಿಮ್ಮ ಕೋಣೆಗೆ 4ರಿಂದ 6 ಗಾಜಿನ ಹೆಂಚು ಸಾಕು. ಮಂಗಳೂರು ಹೆಂಚು ಒಂದು ಚದರ ಮೀಟರಿಗೆ ಸುಮಾರು 15 ಕೂರುತ್ತವೆ. ಆ ಲೆಕ್ಕದಲ್ಲಿ 6 ಹೆಂಚು ಅಂದರೆ ನಾಲ್ಕೂಕಾಲು ಚದರ ಅಡಿ. ನೆಲದ ಅಳತೆಯ ನೂರರಲ್ಲಿ ಮೂರೂವರೆ ಪಾಲು. ಕಡಿಮೆ ಅನ್ನಿಸುತ್ತದೆ ಅಲ್ವಾ? ಆದರೆ ಮೇಲಿನಿಂದ ಇಳಿಯುವ ಬೆಳಕು ಕಿಟಕಿಯ ಬೆಳಕಿನ ಹಾಗಲ್ಲ. ಅದು ಮರದ ನೆರಳಿಗೆ, ಪಕ್ಕದ ಗೋಡೆಗೆ ಸಿಕ್ಕಿ ಸಾಯುವುದಿಲ್ಲ. ಗಾಜಿನ ಹೆಂಚಿಗೆ ಪಕಾಸು (ಛಾವಣಿಯ ಇಳಿಜಾರಿನ ಮರದ ತೊಲೆ) ಕತ್ತರಿಸಬೇಕಾಗಿಲ್ಲ, ರೀಪು (ಅದರ ಮೇಲೆ ಹೆಂಚು ಕೂರುವ ಅಡ್ಡಪಟ್ಟಿ) ಬದಲಿಸಬೇಕಾಗಿಲ್ಲ. ಮಣ್ಣಿನ ಹೆಂಚು ತೆಗೆದು ಅದೇ ಜಾಗದಲ್ಲಿ ಕೂರಿಸಿದರೆ ಆಯಿತು. ಒಂದೇ ಎಚ್ಚರ: ಹೆಂಚಿನ ಅಂಚಿನ ಕಚ್ಚು ಕಾರ್ಖಾನೆಯಿಂದ ಕಾರ್ಖಾನೆಗೆ ಸ್ವಲ್ಪ ಬೇರೆ ಇರುತ್ತದೆ. ಅಂಗಡಿಗೆ ಹೋಗುವಾಗ ನಿಮ್ಮ ಮಾಡಿನದೇ (ಇಳಿಜಾರು ಛಾವಣಿಯದೇ) ಒಂದು ಹಳೇ ಹೆಂಚನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಎರಡನ್ನೂ ಜೋಡಿಸಿ ನೋಡಿ. ನಡುವೆ ಬೆರಳು ತೂರಿದರೆ ಆ ಗಾಜು ಬೇಡ.

ಎಲ್ಲಿ ಹಾಕಬೇಕು ಅನ್ನುವುದು ಎಷ್ಟು ಹಾಕಬೇಕು ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ. ನಮ್ಮ ಮಳೆ ನೆಟ್ಟಗೆ ಬೀಳುವ ಮಳೆಯಲ್ಲ. ಗಾಳಿ ನೈಋತ್ಯದಿಂದ, ಪಶ್ಚಿಮದಿಂದ ಹೊಡೆಯುತ್ತದೆ. ಆ ಕಡೆಯ ಮಾಡಿನಲ್ಲಿ ನೀರು ಹೆಂಚಿನ ಸಂದಿಯಲ್ಲಿ ಮೇಲ್ಮುಖವಾಗಿಯೂ ಏರುತ್ತದೆ. ಆದ್ದರಿಂದ ಪಶ್ಚಿಮ, ದಕ್ಷಿಣದ ಮಾಡು ಬಿಡಿ. ಉತ್ತರದ ಮಾಡಿದ್ದರೆ ಅದು ಮೊದಲ ಆಯ್ಕೆ. ವರ್ಷದ ಹೆಚ್ಚು ದಿನ ಸೂರ್ಯ ನಮಗೆ ದಕ್ಷಿಣಕ್ಕೆ ವಾಲಿರುತ್ತಾನೆ. ಏಪ್ರಿಲ್ ಕೊನೆಗೆ ನೆತ್ತಿಗೆ ಬಂದು, ಆಮೇಲೆ ಆಗಸ್ಟ್ ನಡುವಿನ ತನಕ ಮಧ್ಯಾಹ್ನದ ಹೊತ್ತು ಸ್ವಲ್ಪ ಉತ್ತರಕ್ಕಿರುತ್ತಾನೆ. ಜೂನ್‌ನಿಂದ ಹೇಗೂ ಮೋಡ. ಹಾಗಾಗಿ ಉತ್ತರದ ಮಾಡಿಗೆ ಬಿಸಿಲಿನ ಕಾಟ ಮುಖ್ಯವಾಗಿ ಏಪ್ರಿಲ್, ಮೇಯಲ್ಲಿ. ಉಳಿದಂತೆ ತಂಪು ಬೆಳಕು. ಪೂರ್ವದ ಮಾಡು ಎರಡನೇ ಆಯ್ಕೆ. ಬೆಳಗಿನ ಬಿಸಿಲು ಬರುತ್ತದೆ, ಆದರೆ ಸಂಜೆಯ ಸುಡುಬಿಸಿಲು ಇಲ್ಲ.

ಒಮ್ಮೆಲೇ ಆರೂ ಹೆಂಚು ತರಬೇಡಿ. ಮೊದಲು ಒಂದೇ ಒಂದು ಹಾಕಿಸಿ. ಬೆಳಿಗ್ಗೆ ಎಂಟಕ್ಕೆ, ಹತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಬಿಸಿಲುಕೋಲು ನೆಲ ಮುಟ್ಟಿದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಅಮ್ಮ ಮೊರ ಹಿಡಿದು ಕೂರುವ ಜಾಗ ಯಾವುದು? ಆ ಜಾಗಕ್ಕೆ ಬಿಸಿಲು ನೇರ ಬಿದ್ದರೆ ಕಣ್ಣು ಕುಕ್ಕುತ್ತದೆ. ಪಕ್ಕದ ಗೋಡೆಗೆ ಬಿದ್ದು ಅಲ್ಲಿಂದ ಹರಡಿದರೆ ಅಕ್ಕಿಯಲ್ಲಿನ ಕಲ್ಲು ಒಂದೊಂದೂ ಕಾಣುತ್ತದೆ. ಆ ಗೋಡೆಗೆ ಬಿಳಿ ಸುಣ್ಣ ಹೊಡೆಸಿ. ಎರಡು ಹೆಂಚಿನ ಖರ್ಚು ಅದರಲ್ಲೇ ಉಳಿಯಬಹುದು.

ನಡುಮನೆಯ ಮೇಲೆ ಅಟ್ಟವಿದ್ದರೆ ಮಾತ್ರ ಕೆಲಸ ಬೇರೆ. ಬೆಳಕು ಅಟ್ಟದ ಅಡಿಕೆ ಮೂಟೆಯ ಮೇಲೆ ಬಿದ್ದು ಅಲ್ಲೇ ನಿಲ್ಲುತ್ತದೆ. ಅಟ್ಟದ ಹಲಗೆಯಲ್ಲೂ ಕಿಂಡಿ ಬಿಡಿಸಿ, ಮೇಲಿನಿಂದ ಕೆಳಗಿನ ತನಕ ಹಲಗೆಯದೋ ಸಿಮೆಂಟ್ ಶೀಟಿನದೋ ಪೆಟ್ಟಿಗೆ ಕಟ್ಟಿ, ಒಳಮೈಗೆ ಬಿಳಿ ಬಣ್ಣ ಹೊಡೆಸಬೇಕು. ಕೆಳಗಿನ ಬಾಯಿ ಸ್ವಲ್ಪ ಅಗಲ ಇರಲಿ.

ಮತ್ತೆ, ತೆಂಗಿನಮರದ ಕೆಳಗೆ ಗಾಜು ಬೇಡವೇ ಬೇಡ. ಮಂಗಗಳು ಹಾರಾಡುವ ಕಡೆ ಒಂದೆರಡು ಗಾಜಿನ ಹೆಂಚು ಹೆಚ್ಚಿಗೆ ತಂದಿಟ್ಟುಕೊಳ್ಳಿ.

ಪ್ರಶ್ನೆ: ಕಾರವಾರದಲ್ಲಿ ಸಮುದ್ರದ ಹತ್ತಿರ ಸ್ಲ್ಯಾಬ್ ಮನೆ ಕಟ್ಟುತ್ತಿದ್ದೇವೆ. ಮೆಟ್ಟಿಲ ಮೇಲೆ ಗಾಜಿನ ಸ್ಕೈಲೈಟ್ ಬೇಕು. ಯಾವ ಗಾಜು, ಯಾವ ಫ್ರೇಮ್?

ಉತ್ತರ: ಸ್ಲ್ಯಾಬ್ ಹಾಕುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಕಿಂಡಿಯ ಸುತ್ತ ಹೆಚ್ಚುವರಿ ಕಬ್ಬಿಣ ಹಾಕಬೇಕು, ಅದನ್ನು ನಿಮ್ಮ ಇಂಜಿನಿಯರ್ ಡ್ರಾಯಿಂಗ್‌ನಲ್ಲೇ ತೋರಿಸಲಿ. ಹಾಕಿದ ಸ್ಲ್ಯಾಬನ್ನು ಆಮೇಲೆ ಕೊರೆದರೆ ಒಳಗಿನ ಸರಳೇ ಕತ್ತರಿಸಿ ಹೋಗುತ್ತದೆ.

ಕಿಂಡಿಯ ಸುತ್ತ ಸ್ಲ್ಯಾಬಿನ ಜೊತೆಯಲ್ಲೇ ಕನಿಷ್ಠ 6 ಇಂಚು ಎತ್ತರದ ಕಾಂಕ್ರೀಟ್ ಕಟ್ಟೆ ಎಬ್ಬಿಸಿ. ಕಾರವಾರದಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 3000 ಮಿಲಿಮೀಟರ್ ಮಳೆ. ಎಲೆ ಕಟ್ಟಿ ಟೆರೇಸಿನಲ್ಲಿ ನೀರು ನಿಂತರೂ ಕಟ್ಟೆ ದಾಟಬಾರದು. ಗಾಜು ಮಟ್ಟಸವಾಗಿ ಮಲಗಿರಬಾರದು, ಒಂದು ಕಡೆಗೆ ಇಳಿಜಾರು ಬೇಕು. ಅಂಚು ಕಟ್ಟೆಯಿಂದ ಹೊರಗೆ ಚಾಚಿ ನೀರು ಆಚೆಗೆ ತೊಟ್ಟಿಕ್ಕಬೇಕು.

ಗಾಜಿನ ವಿಷಯದಲ್ಲಿ ರಾಜಿ ಬೇಡ. ಟಫನ್ಡ್ ಗಾಜು ಗಟ್ಟಿ ನಿಜ, ಆದರೆ ಒಡೆದರೆ ಕಾಳು ಕಾಳಾಗಿ ಪೂರ್ತಿ ಕೆಳಗೆ ಸುರಿಯುತ್ತದೆ. ಕೆಳಗೆ ಮೆಟ್ಟಿಲು, ಮಕ್ಕಳು. ಲ್ಯಾಮಿನೇಟೆಡ್ ಗಾಜಿನಲ್ಲಿ ಎರಡು ಪದರದ ನಡುವೆ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಒಡೆದರೂ ಚೂರು ಅದಕ್ಕೇ ಅಂಟಿ ನಿಲ್ಲುತ್ತದೆ. ತಲೆಯ ಮೇಲೆ ಬರುವ ಗಾಜು ಲ್ಯಾಮಿನೇಟೆಡ್ಡೇ ಆಗಿರಲಿ. ಅದರ ಪದರಗಳು ಟಫನ್ಡ್ ಆಗಿದ್ದರೆ, ಟಫನ್ಡ್ ಮಾಡಿದ ಮೇಲೆ ಗಾಜನ್ನು ಕತ್ತರಿಸಲು, ತೂತು ಕೊರೆಯಲು ಆಗುವುದಿಲ್ಲ. ಆದ್ದರಿಂದ ಕಟ್ಟೆ ಆದ ಮೇಲೆ ಅಳತೆ ತೆಗೆದು ಆರ್ಡರ್ ಕೊಡಿ.

ಉಪ್ಪುಗಾಳಿಗೆ ಸಾದಾ ಕಬ್ಬಿಣದ ಫ್ರೇಮ್ ಬೇಡ. ಅಲ್ಯೂಮಿನಿಯಂ ಹಾಕಿ. ಸ್ಕ್ರೂ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದು ಇರಲಿ, ಅದರ ಕೆಳಗೆ ರಬ್ಬರ್ ಅಥವಾ ನೈಲಾನ್ ವಾಷರ್ ಇರಲಿ. ಎರಡು ಲೋಹ ನೇರ ತಾಗಿದ ಕಡೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ.

ಪ್ರಶ್ನೆ: ಕುಮಟಾದ ನಮ್ಮ ಅಡಿಗೆಮನೆಯ ಹೆಂಚಿನ ನಡುವೆ ಬೆಳಕಿಗಾಗಿ ಪಾಲಿಕಾರ್ಬೊನೇಟ್ (ಬೆಳಕು ಬಿಡುವ ಗಟ್ಟಿ ಪ್ಲಾಸ್ಟಿಕ್) ಶೀಟ್ ಹಾಕಿಸಿದ್ದೇವೆ. ಪ್ರತಿ ವರ್ಷ ಸಿಲಿಕೋನ್ ಬಳಿಯುತ್ತೇವೆ. ಪ್ರತಿ ಜುಲೈಯಲ್ಲಿ ಸೋರುತ್ತದೆ.

ಉತ್ತರ: ಸಿಲಿಕೋನ್ ಬಳಿಯುವುದನ್ನು ನಿಲ್ಲಿಸಿ, ಶೀಟಿನ ಮೇಲ್ತುದಿಯನ್ನು ನೋಡಿ. ಅದು ಮೇಲಿನ ಸಾಲಿನ ಹೆಂಚಿನ ಅಡಿಗೆ ಹೋಗಿದೆಯೋ, ಅಥವಾ ಹೆಂಚಿನ ಮೇಲೆ ಕೂತಿದೆಯೋ? ಮೇಲೆ ಕೂತಿದ್ದರೆ ಯಾವ ಅಂಟೂ ಉಳಿಸುವುದಿಲ್ಲ. ಮೇಲ್ತುದಿ ಹೆಂಚಿನ ಕೆಳಗೆ ಒಂದು ಗೇಣಾದರೂ ತೂರಿರಬೇಕು. ಕೆಳತುದಿ ಕೆಳಗಿನ ಹೆಂಚಿನ ಮೇಲೆ ಬರಬೇಕು. ಎರಡು ಪಕ್ಕದಲ್ಲಿ ಅಲ್ಯೂಮಿನಿಯಂ ತಗಡನ್ನು ದೋಣಿಯ ಹಾಗೆ ಮಡಚಿ ಹೆಂಚಿನ ಅಡಿಗೆ ಹಾಯಿಸಬೇಕು. ನಮ್ಮ ಮಾಡು ಸೋರದಿರುವುದು ಒಂದರ ಮೇಲೊಂದು ಹೊದಿಸಿದ್ದರಿಂದಲೇ ಹೊರತು ಅಂಟಿನಿಂದಲ್ಲ.

ಸ್ಕ್ರೂ ತೂತುಗಳನ್ನೂ ನೋಡಿ. ಪಾಲಿಕಾರ್ಬೊನೇಟ್ ಬಿಸಿಲಿಗೆ ಹಿಗ್ಗುತ್ತದೆ, ಒಂದು ಮೀಟರಿಗೆ ಸುಮಾರು 3 ಮಿಲಿಮೀಟರ್. ತೂತು ಸ್ಕ್ರೂವಿಗಿಂತ ದೊಡ್ಡದಿಲ್ಲದಿದ್ದರೆ ಅಲ್ಲೇ ಬಿರುಕು ಬಿಡುತ್ತದೆ. ಶೀಟ್ ಹಳದಿ ತಿರುಗಿದ್ದರೆ ಬಿಸಿಲು ತಡೆಯುವ ಪದರ ಕೆಳಮುಖವಾಗಿ ಕೂತಿರಬಹುದು. ಹೊಸ ಶೀಟಿನ ಮೇಲಿನ ಪ್ಲಾಸ್ಟಿಕ್ ಹಾಳೆಯಲ್ಲಿ ಯಾವ ಮೈ ಮೇಲೆ ಅಂತ ಬರೆದಿರುತ್ತದೆ. ಕೂರಿಸುವ ತನಕ ಅದನ್ನು ಕೀಳಬೇಡಿ.

ಅಂಚಿಗೆ ಸ್ವಲ್ಪ ಸಿಲಿಕೋನ್ ಬೇಕೇ ಬೇಕು ಅಂದರೆ ನ್ಯೂಟ್ರಲ್ ಅಂತ ಬರೆದದ್ದು ಕೊಳ್ಳಿ. ವಿನೆಗರ್‌ನ ಹಾಗೆ ಹುಳಿ ವಾಸನೆ ಬರುವುದು ಲೋಹವನ್ನು ತಿನ್ನುತ್ತದೆ, ಸಿಮೆಂಟಿಗೂ ಹಿಡಿಯುವುದಿಲ್ಲ. ಹಾವಸೆ ಕಟ್ಟಿದರೆ ಸೋಪುನೀರು, ಮೆತ್ತನೆ ಬಟ್ಟೆ ಸಾಕು, ಥಿನ್ನರ್ ತಾಗಿಸಬೇಡಿ. ಮೇ ಮೂರನೇ ವಾರದೊಳಗೆ ಈ ಕೆಲಸ ಮುಗಿಸಿ, ಮೇಲಿನಿಂದ ನಾಲ್ಕು ಕೊಡ ನೀರು ಸುರಿದು ಒಳಗೆ ನಿಂತು ನೋಡಿ. ಹತ್ತುವವರು ಶೀಟಿನ ಮೇಲೆ ಕಾಲಿಡಬಾರದು. ಪಕಾಸಿನ ಮೇಲೆ ಅಡ್ಡ ಹಲಗೆ ಹಾಸಿ, ಅದರ ಮೇಲಷ್ಟೇ ನಡೆಯಲಿ.