ಆಫ್‌ಸೈಡ್ ಹೋಗಿದ್ದಕ್ಕಿಂತ ಸೆಲ್ಫ್ ಪಾಸ್ ಬಂದಿದ್ದೇ ತಲೆನೋವು

ಹಾಕಿಯಲ್ಲಿ ಆಫ್‌ಸೈಡ್ (ಡಿಫೆಂಡರ್‌ಗಳ ಹಿಂದೆ, ಗೋಲ್ ಹತ್ತಿರ ಮೊದಲೇ ನಿಂತು ಚೆಂಡು ಪಡೆಯಬಾರದು ಅನ್ನುವ ನಿಯಮ) ತೆಗೆದ ಮೇಲೆ ಡಿಫೆಂಡರ್‌ಗಳ ಕಥೆ ಮುಗಿಯಿತು ಅಂತಾರೆ, ನಿಜವಾ ಎಂದು ಕೇಳಿದ್ದೀರಿ. ಕಾಲೇಜು ದಿನಗಳಿಂದಲೂ ಫುಲ್‌ಬ್ಯಾಕ್, ಅಂದರೆ ಗೋಲಿಗೆ ಮುಂದಿನ ಡಿಫೆಂಡರ್ ಆಗಿ ಆಡಿದವನು ನಾನು. ಕಷ್ಟ ಆಗಿದ್ದು ನಿಜ. ಆದರೆ ನನ್ನನ್ನು ಜಾಸ್ತಿ ಓಡಿಸಿದ್ದು ಆಫ್‌ಸೈಡ್ ಹೋಗಿದ್ದಲ್ಲ, ಸೆಲ್ಫ್ ಪಾಸ್, ಅಂದರೆ ಎದುರಾಳಿಯ ಫೌಲ್‌ಗೆ ಫ್ರೀ ಹಿಟ್ ಸಿಕ್ಕವನು ಚೆಂಡನ್ನು ತಾನೇ ತಳ್ಳಿಕೊಂಡು ಹೋಗುವುದು.

ಆಫ್‌ಸೈಡ್ ಇದ್ದಾಗ ನಾವಿಬ್ಬರು ಬ್ಯಾಕ್‌ಗಳು ಧೈರ್ಯವಾಗಿ ಮುಂದೆ ಹೋಗಿ ನಿಲ್ಲುತ್ತಿದ್ದೆವು. ಹಿಂದೆ ನುಸುಳಿದವನನ್ನು ಅಂಪೈರ್ ಸೀಟಿಯೇ ನೋಡಿಕೊಳ್ಳುತ್ತಿತ್ತು. 1996ರಲ್ಲಿ ಪ್ರಯೋಗ ಅಂತ ಅದನ್ನು ತೆಗೆದರು, 1998ರಲ್ಲಿ ಖಾಯಂ ಆಯಿತು. ಆಮೇಲೆ ಒಬ್ಬ ಫಾರ್ವರ್ಡ್ ಸುಮ್ನೆ ಗೋಲ್ ಕಂಬದ ಪಕ್ಕ ಹೋಗಿ ನಿಂತುಬಿಡುವುದು ಶುರುವಾಯಿತು. ಎಲ್ಲಿಂದಲೋ ಬಂದ ಚೆಂಡಿಗೆ ಸ್ಟಿಕ್ ತಾಗಿಸಿದರೆ ಸಾಕು, ಗೋಲ್. ಅವನನ್ನು ಕಾಯಲು ಒಬ್ಬ ಬ್ಯಾಕ್ ಹಿಂದೆಯೇ ಉಳಿಯಬೇಕಾಯಿತು. ಮೈದಾನ ಉದ್ದವಾಯಿತು, ನಡುವೆ ಜಾಗ ಖಾಲಿ ಬಿತ್ತು. ಆದರೂ ಒಂದೆರಡು ಸೀಸನ್‌ನಲ್ಲಿ ಒಗ್ಗಿಕೊಂಡೆವು.

ಸೆಲ್ಫ್ ಪಾಸ್ ಹಾಗಲ್ಲ. 2009ಕ್ಕೆ ಮೊದಲು ಫ್ರೀ ಹಿಟ್ ಸಿಕ್ಕವನು ಚೆಂಡನ್ನು ಇನ್ನೊಬ್ಬನಿಗೆ ಕೊಡಲೇಬೇಕಿತ್ತು. ಆ ನಾಲ್ಕೈದು ಸೆಕೆಂಡಿನಲ್ಲಿ ನಾವು ಉಸಿರು ತಗೊಂಡು, ಜಾಗ ಹಿಡಿದು, ಒಬ್ಬೊಬ್ಬರನ್ನು ಹಂಚಿಕೊಳ್ಳುತ್ತಿದ್ದೆವು. ನಿಜ ಹೇಳಬೇಕೆಂದರೆ, ಉಸಿರು ಬೇಕಾದಾಗ ಬೇಕಂತಲೇ ಸಣ್ಣ ಫೌಲ್ ಮಾಡುತ್ತಿದ್ದೆವು. ಹೊಸ ನಿಯಮ ಬಂದಮೇಲೆ ಒಂದು ಮ್ಯಾಚಿನಲ್ಲಿ ಅದೇ ಹಳೇ ಬುದ್ಧಿ ತೋರಿಸಿದೆ. ಸೀಟಿ ಕೇಳಿ, ಬೆನ್ನು ತಿರುಗಿಸಿ ನನ್ನ ಜಾಗಕ್ಕೆ ಹೊರಟೆ. ಪಕ್ಕದಲ್ಲೇ ಸುಯ್ ಅಂತ ಯಾರೋ ಹೋದ ಹಾಗಾಯಿತು. ಆ ಹುಡುಗ ಚೆಂಡನ್ನು ತಾನೇ ತಳ್ಳಿಕೊಂಡು ಡಿ (ಗೋಲ್ ಮುಂದಿನ ಅರ್ಧವೃತ್ತ) ಒಳಗೆ ಹೋಗಿದ್ದ! ಫ್ರೀ ಹಿಟ್ ಹೊಡೆಯುವವನಿಂದ ನಾನು ಐದು ಮೀಟರ್ ದೂರ ಇರಬೇಕಿತ್ತು, ಇರಲಿಲ್ಲವಲ್ಲ, ಚೆಂಡು ಅಷ್ಟು ದೂರ ಹೋಗುವವರೆಗೆ ಅವನನ್ನು ಮುಟ್ಟುವ ಹಾಗೂ ಇರಲಿಲ್ಲ. ಮುಟ್ಟಿದ್ದರೆ ಕಾರ್ಡ್. ಭಾರತ ತಂಡದಲ್ಲಿ ಆಡಿದ ನಮ್ಮ ಸೋಮವಾರಪೇಟೆಯ ಎಸ್.ವಿ. ಸುನಿಲ್ ಥರ ಓಡುವ ಫಾರ್ವರ್ಡ್‌ಗೆ ಹೀಗೆ ಐದು ಮೀಟರ್ ಬಿಟ್ಟುಕೊಟ್ಟರೆ ಹಿಡಿಯುವುದು ಯಾರು?

ಡಿಫೆಂಡರ್‌ಗಳಿಗೂ ಒಂದಿಷ್ಟು ಸಿಕ್ಕಿತು ಅನ್ನಿ. ನಮ್ಮ ಗೋಲ್ ಕಡೆಯ 23 ಮೀಟರ್ ಗೆರೆಯೊಳಗೆ ಎದುರಾಳಿಗೆ ಸಿಕ್ಕ ಫ್ರೀ ಹಿಟ್ಟನ್ನು ಈಗ ನೇರ ಡಿಗೆ ಹೊಡೆಯುವ ಹಾಗಿಲ್ಲ. ಮೊದಲು ಡಿಯಲ್ಲಿ ನಮ್ಮ ಕಾಲಿಗೆ ಗುರಿಯಿಟ್ಟು ಬಾರಿಸಿ, ಚೆಂಡು ಕಾಲಿಗೆ ತಾಗಿತು ಅಂತ ಪೆನಾಲ್ಟಿ ಕಾರ್ನರ್ (ಗೋಲ್ ಹೊಡೆಯಲು ಸಿಗುವ ವಿಶೇಷ ಅವಕಾಶ) ಗಿಟ್ಟಿಸುತ್ತಿದ್ದರು, ನನ್ನ ಮೊಣಕಾಲಿನ ಕಲೆ ಅದಕ್ಕೆ ಸಾಕ್ಷಿ. ಈಗ ಐದು ಮೀಟರ್ ತಳ್ಳಿಕೊಂಡು ಹೋಗಿ ಆಮೇಲೆ ಬಾರಿಸುತ್ತಾರೆ. ಅಷ್ಟೇ ವ್ಯತ್ಯಾಸ, ಆದರೆ ಆ ಐದು ಮೀಟರಿನಲ್ಲಿ ಕಾಲು ತೆಗೆದು ಸ್ಟಿಕ್ ಮಲಗಿಸಲು ಸಮಯ ಸಿಗುತ್ತದೆ.

ಟ್ಯಾಕಲ್ ಮಾಡುವ ರೀತಿಯೂ ಬದಲಾಯಿತು. ಮೇಲೆ ಬಿದ್ದು ಚೆಂಡು ಕಸಿಯಲು ಹೋದರೆ ಫೌಲ್, ಫೌಲ್ ಆದರೆ ಮತ್ತೆ ಸೆಲ್ಫ್ ಪಾಸ್. ಹಾಗಾಗಿ ಕಾದು, ಸ್ಟಿಕ್ಕಿನಿಂದ ಚುಚ್ಚಿ ಚುಚ್ಚಿ, ಎದುರಾಳಿಯನ್ನು ಸೈಡ್‌ಲೈನ್ ಕಡೆಗೆ ಅಟ್ಟುತ್ತೇವೆ. ಈಗ ನಾನು ಹುಡುಗರಿಗೆ ಕಲಿಸುವುದೂ ಅದನ್ನೇ. ಮೊನ್ನೆ ನಮ್ಮ ಬ್ಯಾಕ್ ಒಬ್ಬ ಸೀಟಿ ಊದಿದರು ಅಂತ ಶೂ ಲೇಸ್ ಕಟ್ಟಲು ಬಗ್ಗಿದ. ಅವನು ತಲೆ ಎತ್ತುವಷ್ಟರಲ್ಲಿ ನಮ್ಮ ಗೋಲಿ ಬಲೆಯಿಂದ ಚೆಂಡು ತೆಗೆಯುತ್ತಿದ್ದ.